ಹೊಸ ಕೈ

ಗಾಜಿನ ಆಚೆ ಕುಳಿತಿದ್ದ ಮುದುಕರು ಬೆರಳೆತ್ತಿದರು. ಅವನಿನ್ನೂ ಸದ್ದು ಬಿಟ್ಟೇ ಇರಲಿಲ್ಲ. ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಮಧ್ಯಾಹ್ನ ಕಾರಿನ ಶೋರೂಮಿನಲ್ಲಿ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತ ಕುಳಿತುಬಿಟ್ಟಿದ್ದ. ಅಷ್ಟು ಹೊತ್ತಾದರೂ ಏನೂ ಕೇಳಿಸದಿದ್ದುದರಿಂದ ಮುದುಕರಿಗೆ ಗಾಬರಿಯಾಗಿರಬೇಕು. ಎಲ್ಲರಿಗೂ ಕೇಳಿಸುವಂಥದ್ದು ತಮಗೊಬ್ಬರಿಗೇ ತಪ್ಪಿಹೋಯಿತೇನೋ ಎಂದು ಅಂದಾಜಿನ ಮೇಲೆ ಒಂದು ಬೆರಳೆತ್ತಿ, ಸರಿಯಾಯಿತೇ ಎನ್ನುವ ಹಾಗೆ ಅವನತ್ತ ನೋಡಿ ನಕ್ಕರು. ಅವನೂ ಸರಿ ಎಂದು ತಲೆಯಾಡಿಸಿದ. ಆಮೇಲೆ ಮೈಕಿನಲ್ಲಿ, "ಈಗ ಬಿಡ್ತೀನಿ, ಕೇಳಿಸಿದಾಗ ಮಾತ್ರ ಬೆರಳೆತ್ತಿ" ಎಂದ. ಮುದುಕರು ಅದಕ್ಕೂ ಬೆರಳೆತ್ತಿದರು. ಇಷ್ಟು ವರ್ಷ ಈ ಕಿವಿಯ ಕ್ಲಿನಿಕ್ಕಿನಲ್ಲಿ ಕುಳಿತು ಅವನು ಕಂಡುಕೊಂಡದ್ದು ಇದೊಂದನ್ನೇ: ಕಿವಿ ಕೇಳದವರಲ್ಲಿ ಮುಕ್ಕಾಲು ಪಾಲು ಜನ ಕೇಳಿಸಿತು ಎಂದೇ ಹೇಳುತ್ತಾರೆ. ಸುಳ್ಳು ಹೇಳಬೇಕೆಂದಲ್ಲ. ಎದುರಿಗಿರುವವನು ಪಾಪ ಅಷ್ಟು ಕಷ್ಟಪಡುತ್ತಿರುವಾಗ ಇಲ್ಲ ಎಂದು ಅವನ ಮನಸ್ಸು ನೋಯಿಸುವುದೇಕೆ ಎಂಬ ದಾಕ್ಷಿಣ್ಯ. "ಕೇಳಿಸ್ತಾ?" ಎಂದರೆ ಸಾಕು, "ಕೇಳಿಸ್ತು, ಕೇಳಿಸ್ತು" ಎಂದು ಎರಡೆರಡು ಸಲ. ಎರಡು ಸಲ ಹೇಳಿದರೆ ಒಂದು ಸಲವೂ ಕೇಳಿಸಿಲ್ಲವೆಂದೇ ಲೆಕ್ಕ. ಇಂಥವರದನ್ನು ಅವನು ತನ್ನಷ್ಟಕ್ಕೆ ಮರ್ಯಾದಸ್ಥ ಕಿವಿ ಎಂದು ಕರೆಯುತ್ತಿದ್ದ. ಅದಕ್ಕೆ ಯಾವ ಯಂತ್ರವೂ ನಾಟುವುದಿಲ್ಲ.

ಮುದುಕರನ್ನು ಕಳಿಸಿದ ಮೇಲೆ ತಾನೇ ಆ ಕೋಣೆಯೊಳಗೆ ಹೋಗಿ ಬಾಗಿಲೆಳೆದುಕೊಂಡ. ಗೋಡೆಗೆಲ್ಲ ಸ್ಪಂಜು ಬಡಿದ, ಒಬ್ಬರೇ ಕೂರಬಹುದಾದ ಕೋಣೆ. ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಒಳಗಿನದು ಗೋಡೆ ಮುಟ್ಟುವ ಮೊದಲೇ ಸಾಯುತ್ತದೆ. ಗಂಟಲು ಸರಿಪಡಿಸಿಕೊಂಡು, "ಈ ಗಾಡಿ ನಮಗೆ ಬೇಡ. ವಾಪಸ್ ತಗೊಳ್ಳಿ, ಸಾಲ ರದ್ದು ಮಾಡಿಸಿ" ಎಂದು ಜೋರಾಗಿ ಹೇಳಿದ. ಚೆನ್ನಾಗಿತ್ತು. ಇನ್ನೊಂದು ಸಲ, ಮೇಜು ಗುದ್ದುವವನ ಹಾಗೆ ತೊಡೆ ಗುದ್ದಿ ಹೇಳಿದ. ಇಲ್ಲಿ ಹುಲಿಯೇ. ಹೊರಗೆ ಹೋದ ಮೇಲೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಅವನ ಹೆಂಡತಿಗೆ ಗೊತ್ತು. "ನೀವು ಬಾಯಿ ತೆಗೀರಿ ಸಾಕು, ಉಳಿದದ್ದು ನಾನು ಹೇಳ್ತೀನಿ" ಎಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದ್ದಳು; ಕತ್ತಲು ಹರಿಯುವ ಮೊದಲೇ, ಎರಡು ಬಸ್ಸು ಹಿಡಿಯಲು ಹೊರಟು ನಿಂತು. ಕಾರು ಬಾಗಿಲಲ್ಲೇ ಇತ್ತು. ಅದರ ಪಕ್ಕದಲ್ಲೇ ಹಾದು, ಅದನ್ನು ನೋಡದೆ, ಬ್ಯಾಗನ್ನು ಅದಕ್ಕೆ ತಾಗದಂತೆ ಎದೆಗವಚಿಕೊಂಡು ಗೇಟು ದಾಟಿದ್ದಳು. ಜಗಳವಾಡಿದ ಪಕ್ಕದ ಮನೆಯವರನ್ನು ದಾಟುವ ಹಾಗೆ.

ಕಾರು ತೆಗೆದುಕೊಂಡದ್ದೇ ಅವಳಿಗಾಗಿ. ಊರಾಚೆಯ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಅವಳ ಕೈಕೆಳಗಿತ್ತು. ಹಾಸಿಗೆ ಬಟ್ಟೆಗಳು, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳು, ಉಗಿಯಲ್ಲಿ ಬೇಯುವ ಗೌನುಗಳು. ವಾರ್ಡುಗಳು ಏಳುವ ಮೊದಲು ಬಟ್ಟೆ ತಲುಪಬೇಕು, ಬಟ್ಟೆ ಏಳುವ ಮೊದಲು ಅವಳು ತಲುಪಬೇಕು. ನಲವತ್ತೈದು ದಾಟಿದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಹದಿನೆಂಟು ಹತ್ತೊಂಬತ್ತರ ಹುಡುಗರ ನಡುವೆ ಸರದಿಯಲ್ಲಿ ನಿಂತು, ಮನೆಗೆ ಬಂದು ಊಟದ ಮೇಜಿನ ಕೆಳಗೆ ಕಾಲಿನಲ್ಲೇ ಕ್ಲಚ್ಚು ಬ್ರೇಕು ಒತ್ತಿ ಅಭ್ಯಾಸ ಮಾಡುತ್ತಿದ್ದಳು. ಲೈಸೆನ್ಸು ಬಂದ ದಿನ ಅದನ್ನು ಯಾರಿಗೂ ತೋರಿಸಲಿಲ್ಲ. ಪರ್ಸು ತೆಗೆದಾಗಲೆಲ್ಲ ತಾನೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಶೋರೂಮಿನವರು ಗಾಡಿ ಕೊಡುವಾಗ ರಟ್ಟಿನಲ್ಲಿ ಮಾಡಿದ ಒಂದು ದೊಡ್ಡ ಕೀ ಕೈಗಿಟ್ಟು ಫೋಟೋ ತೆಗೆದರು. ಫೋಟೋದವನು ಆ ಕೀಯನ್ನು ಅವನ ಕೈಗೆ ಕೊಡಲು ಬಂದಾಗ ಅವನು, ಅವಳಿಗೆ ಕೊಡಿ, ಅವಳಿಗೆ ಕೊಡಿ ಎಂದು ಹಿಂದೆ ಸರಿದಿದ್ದ. ಆಗ ಅವಳು ಅವನನ್ನು ನೋಡಿದ ನೋಟ ಈಗಲೂ ನೆನಪಿದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ತಾನು ಮಾಡಿದ ಸರಿಯಾದ ಕೆಲಸ ಅದೊಂದೇ ಎಂದು ಕೆಲವು ಸಲ ಅನ್ನಿಸುತ್ತದೆ, ಅದೂ ಅಂಗಡಿಯವರ ರಟ್ಟಿನ ಕೀ.

ಮೊದಲ ವಾರದಲ್ಲೇ ಸೇತುವೆ ಇಳಿದು ಬರುವ ನಾಲ್ಕು ರಸ್ತೆಯ ಕೂಡಿನಲ್ಲಿ ಗಾಡಿ ನಿಂತಿತು. "ನಾನು ಕ್ಲಚ್ಚು ಬಿಟ್ಟದ್ದಲ್ಲ ರೀ, ಕಾಲು ಇಟ್ಟೇ ಇರಲಿಲ್ಲ. ಓಡ್ತಾ ಓಡ್ತಾನೇ ಸತ್ತುಹೋಯ್ತು. ದೀಪ ಎಲ್ಲ ಆರಿಹೋಯ್ತು. ಸ್ಟೇರಿಂಗ್ ಕಲ್ಲಾಯ್ತು" ಎಂದು ಫೋನಿನಲ್ಲಿ ಹೇಳಿದಾಗ ಅವಳ ದನಿಯ ಹಿಂದೆ ಲಾರಿಯ ಹಾರ್ನು, ಯಾರದೋ ಬೈಗುಳ. ಅವನು ಓಡಿಹೋಗಿ ನೋಡಿದರೆ, ಗಾಡಿಯ ನೆತ್ತಿಯ ಮೇಲೆ ಒಂದು ಕೈಯಿಟ್ಟುಕೊಂಡು, ಜ್ವರ ಬಂದ ಮಗುವನ್ನು ಮುಟ್ಟಿ ನೋಡುವ ಹಾಗೆ ನಿಂತಿದ್ದಳು. ಅವನು ಕೂತು ಕೀ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಹೊರಟಿತು. ಸುತ್ತ ನಿಂತವರಲ್ಲಿ ಒಬ್ಬ, "ಅಷ್ಟೇನಾ?" ಎಂದ. ಅದು ಮತ್ತೆ ನಿಂತಿತು, ಮತ್ತೆ ನಿಂತಿತು, ಯಾವಾಗಲೂ ಅವಳ ಕೈಯಲ್ಲಿದ್ದಾಗಲೇ; ಅವನು ಓಡಿಸಿದಾಗ, ಶೋರೂಮಿನ ಮೆಕ್ಯಾನಿಕ್ ಓಡಿಸಿದಾಗ ಅದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಅವಳ ಅಣ್ಣ ಒಂದು ಭಾನುವಾರ ಬಂದು ಊರೆಲ್ಲ ಸುತ್ತಿಸಿಕೊಂಡು ಬಂದ. ಈ ಭಾವನಿಗೆ ಗಾಡಿಗಳ ವಿಷಯದಲ್ಲಿ ಗೊತ್ತಿಲ್ಲದ್ದೇ ಇಲ್ಲ, ಅಥವಾ ಗೊತ್ತಿಲ್ಲ ಎಂದು ಹೇಳಿ ಗೊತ್ತಿಲ್ಲ. "ಬೆಣ್ಣೆ ಥರ ಇದೆ. ಗಾಡಿಗೆ ಏನೂ ಆಗಿಲ್ಲ ಕಣೆ, ನಿನ್ನ ಕಾಲಿಗೆ ಆಗಿದೆ. ಚಿಕ್ಕವಳಿದ್ದಾಗ ಸೈಕಲ್ಲೇ ಬರ್ತಿರ್ಲಿಲ್ಲ ಇವಳಿಗೆ" ಎಂದು ಸೋಫಾದ ಮೇಲೆ ಕಾಲು ಚಾಚಿದ. ಅವನು ನಕ್ಕ. ನಗು ಬಂದದ್ದರಿಂದಲ್ಲ, ಹೇಳಿದ ಭಾವ ನಗುತ್ತಿದ್ದನಲ್ಲ, ಅದಕ್ಕೆ. "ಸೈಕಲ್ ನೀನು ನನ್ನ ಕೈಗೆ ಕೊಟ್ಟಿದ್ರೆ ತಾನೇ ಬರೋದು" ಎಂದು ಅವಳು ಅಂದದ್ದು ಆ ನಗು ಮುಗಿಯುವುದರೊಳಗೆ. ಆದರೆ ಅವಳು ಅಣ್ಣನ ಮುಖ ನೋಡಿ ಹೇಳಲಿಲ್ಲ, ಗಂಡನ ಮುಖ ನೋಡಿ ಹೇಳಿದಳು. ಅದಾದ ಮೇಲೆ ಗಾಡಿ ಮುಟ್ಟಲಿಲ್ಲ.

ಅವನಿಗೆ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲಾಗದ ಒಂದು ಮಾತಿತ್ತು. ಅದೇನೆಂದರೆ, ತಪ್ಪು ಗಾಡಿಯದೋ ಅವಳದೋ ಅವನಿಗೂ ಗೊತ್ತಿರಲಿಲ್ಲ. ನಿನ್ನ ತಪ್ಪಲ್ಲ ಬಿಡು ಎಂದು ಅವಳಿಗೆ ಹೇಳುತ್ತಲೇ ಇದ್ದ. ಹೇಳುವಾಗ ಕಣ್ಣು ಮಾತ್ರ ಅವಳ ಪಾದದ ಕಡೆ ಹೋಗುತ್ತಿತ್ತು. ಆ ಪಾದ ಅಗಲವಾದದ್ದು, ಹಗಲೆಲ್ಲ ಒದ್ದೆ ನೆಲದ ಮೇಲೆ ನಿಂತು ಬಿರಿದದ್ದು. ಅದು ತನಗೇ ಗೊತ್ತಾಗದೆ ಅರೆಕ್ಷಣ ಜಾರಿರಬಹುದಲ್ಲ? ಕೇಳದ ಸದ್ದಿಗೆ ಬೆರಳೆತ್ತುವವರನ್ನು ದಿನವೂ ನೋಡುತ್ತಾನೆ. ಅವರು ಆಣೆ ಮಾಡಿ ಹೇಳುತ್ತಾರೆ, ಕೇಳಿಸಿತು ಎಂದು. ಹಾಗೆ ಇವಳೂ. ಹೀಗೆ ಯೋಚನೆ ಬಂದ ಕೂಡಲೇ ತನ್ನ ಬಗ್ಗೆ ತನಗೇ ಅಸಹ್ಯವಾಗಿ, ಎದ್ದು ಹೋಗಿ ಅವಳಿಗೆ ಏನಾದರೂ ಸಹಾಯ ಮಾಡುತ್ತಿದ್ದ. ಒಣಗಿದ ಬಟ್ಟೆ ಮಡಿಸುತ್ತಿದ್ದ. ಇಡೀ ದಿನ ಬಟ್ಟೆ ನೋಡಿ ಬಂದವಳಿಗೆ ಅದೂ ಒಂದು ಸಹಾಯವೇ ಎಂದು ಅವಳೂ ಹೇಳುತ್ತಿರಲಿಲ್ಲ.

ಇನ್ನು ಅವನ ಬಾಯಿಯದು ಬೇರೆಯೇ ಕತೆ. ಅದಕ್ಕೆ ಬರುತ್ತಿದ್ದದ್ದು ಒಂದೇ ಮಾತು, ಪರವಾಗಿಲ್ಲ. ಬಸ್ಸಿನಲ್ಲಿ ಕಾಲು ತುಳಿದವನಿಗೆ ಪರವಾಗಿಲ್ಲ. ಅಡುಗೆ ಹೇಗಿದೆ ಎಂದವಳಿಗೆ ಪರವಾಗಿಲ್ಲ. ಸಂಬಳ ಈ ತಿಂಗಳು ತಡವಾಗುತ್ತದೆ ಎಂದ ಕ್ಲಿನಿಕ್ಕಿನ ಡಾಕ್ಟರಿಗೆ ಪರವಾಗಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ಕಾಲು ಜಾರಿ ಬಿದ್ದು ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದಾಗ, ಹೇಗಿದ್ದಾರೆ ಎಂದ ಪಕ್ಕದವರಿಗೂ ಪರವಾಗಿಲ್ಲ. ಚೆನ್ನಾಗಿದೆ ಎಂದೂ ಅಲ್ಲ, ಚೆನ್ನಾಗಿಲ್ಲ ಎಂದೂ ಅಲ್ಲ. ಕ್ಷಮಿಸಿದ್ದೇನೆ ಎಂದೂ ಅಲ್ಲ, ಇಲ್ಲವೆಂದೂ ಅಲ್ಲ. ಬಾಗಿಲು ತೆರೆಯದೆ, ಮುಚ್ಚದೆ, ಒಂದಿಷ್ಟು ಓರೆ ಮಾಡಿಡುವ ಮಾತು. ಗಾಡಿಸಾಲದ ಆಫೀಸಿಗೆ ಫೋನ್ ಮಾಡಿದಾಗಲೂ ಹಾಗೇ ಆಯಿತು. "ಗಾಡಿ ನಿಂತರೆ ಗಾಡಿಯೋರನ್ನ ಕೇಳಿ ಸಾರ್. ನಮ್ಮ ಕಂತು ಮಾತ್ರ ಎಲ್ಲೂ ಆಫ್ ಆಗಲ್ಲ, ಸೂಪರ್ ಎಂಜಿನ್ನು" ಎಂದು ಸಾಲದವನು ತನ್ನ ಮಾತಿಗೆ ತಾನೇ ನಕ್ಕ. ಅವನೂ ನಕ್ಕು, ಪರವಾಗಿಲ್ಲ ಬಿಡಿ ಎಂದು ಫೋನಿಟ್ಟ. ಏನು ಪರವಾಗಿಲ್ಲ? ಯಾರಿಗೆ ಪರವಾಗಿಲ್ಲ? ಫೋನಿಟ್ಟ ಮೇಲೆ ಕೇಳಿಕೊಳ್ಳುವುದಕ್ಕೆ ಅವನು ಯಾವಾಗಲೂ ಸಿದ್ಧ. ಶೋರೂಮಿನ ಕಡೆಯಿಂದಲೂ ಯಾರೋ ಹುಡುಗಿ ಒಮ್ಮೆ ಫೋನ್ ಮಾಡಿದ್ದಳು, ಗಾಜಿನಾಚೆ ಒಬ್ಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಾಯುತ್ತಿದ್ದಾಗ. ಏನು ಕೇಳಿದಳೋ ಈಗ ನೆನಪಿಲ್ಲ. ಬಹಳ ಸುಸ್ತಾದ ದನಿ ಎಂದಷ್ಟೇ ನೆನಪು.

ಮಧ್ಯಾಹ್ನ ಅವಳು ಕ್ಲಿನಿಕ್ಕಿನ ಮುಂದೆ ಬಸ್ಸಿಳಿದು, ಅವನು ತಂದಿದ್ದ ಕಾರಿನಲ್ಲಿ ಅವನ ಪಕ್ಕದ ಸೀಟಿಗೆ ಬಂದು ಕೂತಳು. ಮೈಯಿಂದ ಆಸ್ಪತ್ರೆಯ ಸೋಪಿನ ಬಿಸಿ ವಾಸನೆ. "ಊಟ ಆಯ್ತಾ?" ಎಂದಳು. "ಆಯ್ತು" ಎಂದ, ಆಗಿರಲಿಲ್ಲ. ಗಾಡಿ ಸೇತುವೆ ಹತ್ತಿತು, ಇಳಿಯಿತು, ಆ ಕೂಡು ರಸ್ತೆ ದಾಟಿತು, ಹೂವಿನ ಹಾಗೆ. ಇಲ್ಲಿ ನಿಲ್ಲಬಾರದೇ ಎಂದು ಅವನು ಒಳಗೊಳಗೇ ಬೇಡಿಕೊಂಡ. ನಿಂತುಬಿಡು, ನನ್ನ ಕೈಯಲ್ಲೂ ಒಂದು ಸಲ ಸತ್ತುಬಿಡು. ಅವಳು ಕಿಟಕಿಯಾಚೆ ನೋಡುತ್ತ, ಅವನ ಮನಸ್ಸಿನಲ್ಲಿದ್ದದ್ದನ್ನು ಓದಿದವಳ ಹಾಗೆ, "ನಿಮ್ಮ ಹತ್ರ ಇದಕ್ಕೆ ಬಹಳ ಮರ್ಯಾದೆ" ಎಂದಳು. ಅವನಿಗೆ ನಗು ಬಂತು. ಅವಳಿಗೂ ಬಂದಿತ್ತೇನೋ, ಮುಖ ಆ ಕಡೆಯಿತ್ತು.

ಶೋರೂಮಿನಲ್ಲಿ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಅವಳು ಬಾಗಿಲಲ್ಲಿ ನಿಂತು ಕಾಲೊರೆಸುವ ಮ್ಯಾಟು ಹುಡುಕಿದಳು. ಹೊಸ ಗಾಡಿಗಳು ಸುಮ್ಮನೆ ಮುಗುಳ್ನಗುತ್ತ ನಿಂತಿದ್ದವು. ಟೈ ಕಟ್ಟಿದ್ದ ಮ್ಯಾನೇಜರು ದೂರದಿಂದಲೇ ಕೈ ಚಾಚಿಕೊಂಡು ಬಂದು, "ಬನ್ನಿ ಸಾರ್, ಬನ್ನಿ ಸಾರ್, ಹೇಗಿದೆ ನಮ್ಮ ಗಾಡಿ?" ಎಂದ. ಅವನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು ಆ ಮಾತು. ಹೆಂಡತಿ ಮೊಣಕೈಯಿಂದ ಮೆಲ್ಲಗೆ ತಿವಿದಳು. ನುಂಗಿಕೊಂಡ. ಗಾಜಿನ ಕೋಣೆಯೊಳಗೆ ಕೂರಿಸಿ ನೀರು ತರಿಸಿದರು. ಎರಡು ಗ್ಲಾಸು, ಎರಡನ್ನೂ ಅವನ ಮುಂದೆಯೇ ಇಟ್ಟು ಹೋದರು. ಅವನು ಗಂಟಲು ಸರಿಪಡಿಸಿಕೊಂಡ. ಸ್ಪಂಜಿನ ಕೋಣೆಯ ಹುಲಿ ಎಲ್ಲಿ ಹೋಯಿತೋ, "ಅದೇ ಸಾರ್, ಈ ಗಾಡಿ... ಏನಾಗಿದೆ ಅಂದ್ರೆ... ನಿಮಗೆ ತೊಂದರೆ ಇಲ್ಲ ಅಂದ್ರೆ ಇನ್ನೊಂದು ಸಲ..." ಎಂದು ತೊದಲುವಷ್ಟರಲ್ಲಿ ಅವಳು, "ಗಾಡಿ ವಾಪಸ್ ತಗೊಳ್ಳಿ" ಎಂದಳು. ಒಂದು ಹಾಸಿಗೆ ಬಟ್ಟೆಯಲ್ಲಿ ಕಲೆ ಉಳಿದಿದ್ದರೆ ಮತ್ತೆ ತೊಟ್ಟಿಗೆ ಹಾಕಿ ಎಂದು ಹೇಳುವಂಥದೇ ದನಿ. "ನಡುರಸ್ತೇಲಿ ನಿಲ್ಲೋ ಗಾಡಿ ಕೊಟ್ಟಿದ್ದೀರಿ. ಹಿಂದೆ ಲಾರಿ ಇರುತ್ತೆ. ಒಂದಲ್ಲ ಒಂದಿನ ನಾನು ಹೋಗ್ತೀನಿ. ವಾಪಸ್ ತಗೊಂಡು ಸಾಲದೋರಿಗೆ ನೀವೇ ಹೇಳಿ."

ಮ್ಯಾನೇಜರು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡು, ಉತ್ತರವನ್ನು ಅವನಿಗೆ ಕೊಟ್ಟ. "ಸಾರ್, ಮೇಡಂ ಟೆನ್ಷನ್ ನನಗೆ ಅರ್ಥ ಆಗುತ್ತೆ. ನಮ್ಮನೇಲೂ ಹೀಗೇ. ಆದ್ರೆ ನಮ್ಮೋರು ಎಷ್ಟೊಂದು ಸಲ ಓಡಿಸಿ ನೋಡಿದ್ದಾರೆ, ಒಂದು ಸಲನೂ ನಿಂತಿಲ್ಲ. ನೀವು ಓಡಿಸ್ತೀರಿ, ನಿಮ್ಮ ಹತ್ರ ನಿಂತಿದೆಯಾ?" ಅವನು ಹೆಂಡತಿಯ ಕಡೆ ನೋಡಿದ. ಅವಳು ನೀರಿನ ಗ್ಲಾಸೊಂದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ನಿಂತಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಜೀವಮಾನವಿಡೀ ಯಾರ್ಯಾರ ಮನಸ್ಸೋ ನೋಯಬಾರದೆಂದು ಎಷ್ಟೋ ಸಣ್ಣಪುಟ್ಟ ಸುಳ್ಳು ಹೇಳಿದವನಿಗೆ ಬೇಕಾದಾಗ ಒಂದು ಸುಳ್ಳು ಸಿಗಲಿಲ್ಲ. "ನನ್ನ ಹತ್ರ ಇಲ್ಲ, ಆದ್ರೆ..." ಎಂದ. ಮ್ಯಾನೇಜರಿಗೆ ಆ ಆದ್ರೆ ಬೇಕಿರಲಿಲ್ಲ. "ಅಲ್ಲದೆ ಇದು ನೀವೇ ಒಪ್ಪಿ ಮುಚ್ಚಿಸಿದ ಕಂಪ್ಲೇಂಟು ಸಾರ್. ಮುಚ್ಚಿದ ಕಂಪ್ಲೇಂಟಿನ ಮೇಲೆ ಗಾಡಿ ವಾಪಸ್ ಅಂತ ಹೋದ್ರೆ ಕಂಪನಿಯೋರು ನನ್ನ ಮುಖಕ್ಕೆ ನಗ್ತಾರೆ." "ಯಾರು ಒಪ್ಪಿದ್ದು?" ಎಂದಳು ಅವಳು. "ಸಾರ್ ಒಪ್ಪಿದ್ದು ಮೇಡಂ. ನಮ್ಮಲ್ಲಿ ಫೋನೆಲ್ಲ ರೆಕಾರ್ಡ್ ಆಗುತ್ತೆ. ಬೇಕಾದ್ರೆ ಕೇಳಿಸ್ತೀನಿ."

ಕಂಪ್ಯೂಟರು ತಿರುಗಿಸಿ ಇಟ್ಟ. ಸಣ್ಣ ಸ್ಪೀಕರು, ಒಡಕಲು. ಮೊದಲು ಆ ಸುಸ್ತಾದ ಹುಡುಗಿಯ ದನಿ ಬಂತು: "ಸರ್, ನಿಮ್ಮ ವಾಹನದ ಸಮಸ್ಯೆ ಬಗೆಹರಿದಿದೆಯಾ ಸರ್?" ಆಮೇಲೆ ಒಬ್ಬ ಗಂಡಸು, ಮೂಗಿನಲ್ಲಿ ಮಾತಾಡುವವನು, ಏನೋ ಆತುರದಲ್ಲಿರುವವನು: "ಆಂ, ಪರವಾಗಿಲ್ಲಮ್ಮ, ಪರವಾಗಿಲ್ಲ." ಯಾರಿವನು ಎಂದು ಒಂದು ಗಳಿಗೆ ಅವನಿಗೆ ನಿಜವಾಗಿ ತಿಳಿಯಲಿಲ್ಲ. ತಮ್ಮ ದನಿಯ ರೆಕಾರ್ಡು ಕೇಳಿ ಇದು ನಾನಲ್ಲ ಎನ್ನುವವರಿಗೆ ಅವನೇ ದಿನವೂ ಬಿಡಿಸಿ ಹೇಳುತ್ತಾನೆ, ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯೊಳಗಿಂದ ಕೇಳಿಸುತ್ತೆ, ಅದಕ್ಕೇ ನಮಗೆ ಮಾತ್ರ ಚೆನ್ನಾಗಿ ಕೇಳಿಸುತ್ತೆ, ಬೇರೆಯವರು ಕೇಳೋದು ಇದನ್ನೇ ಎಂದು. ಹುಡುಗಿ ಹೇಳುತ್ತಿದ್ದಳು: "ಮೇಡಂ ಹೊಸದಾಗಿ ಕಲಿತಿರೋದ್ರಿಂದ ಹಾಗಾಗಿರಬಹುದು ಅಂತ ಸರ್ವಿಸ್‌ನವರು ಹೇಳ್ತಿದ್ದಾರೆ ಸರ್. ಹಾಗೇ ಬರ್ಕೊಳ್ಳಲಾ?" ಬೇಡ ಎನ್ನು, ಎಂದು ಅವನು ಸ್ಪೀಕರಿನೊಳಗಿನವನಿಗೆ ಮನಸ್ಸಿನಲ್ಲೇ ಕೂಗಿದ. "ಬರ್ಕೊಳ್ಳಿ, ಬರ್ಕೊಳ್ಳಿ, ಪರವಾಗಿಲ್ಲ. ಹೊಸ ಕೈ ನೋಡಿ..." ಎಂದು ಅವನು ನಕ್ಕ. ಮುದ್ದಾದ, ಹಲ್ಲುಗಿಂಜುವ, ಎದುರಿನವರಿಗೆ ತೊಂದರೆ ಕೊಡದ ನಗು. ಹುಡುಗಿಯೂ ಪಾಪ ನಕ್ಕಳು. "ಧನ್ಯವಾದ ಸರ್, ನಿಮ್ಮ ದಿನ ಶುಭವಾಗಿರಲಿ." ಟಕ್.

ಹೊರಗೆ ಯಾವುದೋ ಹೊಸ ಗಾಡಿಯ ಫೋಟೋ ತೆಗೆಯುತ್ತಿದ್ದರು. ಗಾಜಿನಾಚೆ ಒಂದು ಸಂಸಾರ ರಟ್ಟಿನ ಕೀ ಹಿಡಿದು ಹಲ್ಲು ತೋರಿಸುತ್ತಿತ್ತು. ಅವಳು ತೊಡೆಯ ಮೇಲಿನ ಬ್ಯಾಗಿನ ಜಿಪ್ಪು ಎಳೆದಳು, ಮತ್ತೆ ತೆರೆದಳು. ಆಮೇಲೆ ಮ್ಯಾನೇಜರಿಗೆ, "ಇನ್ನೊಂದು ಸಲ ಹಾಕಿ" ಎಂದಳು. "ಯಾಕೆ ಮೇಡಂ ಸುಮ್ನೆ..." "ಹಾಕಿ." ಮತ್ತೆ ಕೇಳಿದಳು. ನಗು ಬಂದಾಗ ತಲೆ ಸ್ವಲ್ಪ ಓರೆ ಮಾಡಿದಳು, ಚೆನ್ನಾಗಿರುವ ಕಿವಿಯನ್ನು ಸದ್ದಿನ ಕಡೆಗೆ ತಿರುಗಿಸುವವರ ಹಾಗೆ. ಅವನು ನೆಲ ನೋಡಿದ. ನೆಲದಲ್ಲೂ ಅವನ ಮುಖವೇ ಕಾಣುತ್ತಿತ್ತು. ಏನಾದರೂ ಹೇಳಲೇಬೇಕೆಂದು ಅನ್ನಿಸಿ, "ಸಾರ್, ಪರವಾಗಿಲ್ಲ ಅಂದ್ರೆ ಒಪ್ಪಿದ ಹಾಗಲ್ಲ" ಎಂದ. ಮ್ಯಾನೇಜರಿಗೆ ಕೋಪವೇನೂ ಬರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಆಸಕ್ತಿಯಿಂದಲೇ ಕೇಳಿದ: "ಮತ್ತೆ ಏನು ಸಾರ್ ಅರ್ಥ?" ಅವನು ಬಾಯಿ ತೆರೆದ. ಹೆಂಡತಿಯೂ ಅವನ ಕಡೆ ತಿರುಗಿ ಕಾದಳು. ಮ್ಯಾನೇಜರಿಗಿಂತ ಹೆಚ್ಚು ಅವಳಿಗೇ ಅದು ಬೇಕಿದ್ದ ಹಾಗಿತ್ತು. ಇಷ್ಟು ವರ್ಷ ಅದೇ ಮಾತನ್ನು ಕೇಳಿಸಿಕೊಂಡು ಸಂಸಾರ ಮಾಡಿದವಳು. ಅವನು ಗ್ಲಾಸೆತ್ತಿ ನೀರು ಕುಡಿದ.

"ಗಾಡಿ ಮತ್ತೆ ನಿಂತ್ರೆ ನಿಂತಲ್ಲಿಂದಲೇ ನನಗೆ ಫೋನ್ ಮಾಡಿ ಸಾರ್, ಹೊಸ ಕಂಪ್ಲೇಂಟ್ ತೆರೆಯೋಣ. ನಮ್ಮ ಮೆಕ್ಯಾನಿಕ್ ಬಂದು ನೋಡೋವರೆಗೂ ಅದು ನಿಂತೇ ಇರ್ಬೇಕು, ಅಷ್ಟೆ" ಎಂದು ಬಾಗಿಲವರೆಗೂ ಬಂದು ಮ್ಯಾನೇಜರು ಕೈ ಕುಲುಕಿದ. ಅವಳಿಗೆ ಕೈ ಮುಗಿದ. ಅವಳು ಮುಗಿಯಲಿಲ್ಲ. ಗಾಡಿ ನಿಲ್ಲಿಸಿದಲ್ಲಿಗೆ ನಡೆಯುವಾಗ ಅವನು ಒಂದು ಹೆಜ್ಜೆ ಹಿಂದೆಯೇ ಉಳಿದ. ಬೈದರೆ ಸಾಕಿತ್ತು. ಬೀದಿಯಲ್ಲಿ ನಿಲ್ಲಿಸಿ ಮಾನ ಕಳೆದರೂ ಸಾಕಿತ್ತು. ಆ ದಿನ ಗಾಜಿನಾಚೆ ಒಬ್ಬರು ಕಾಯುತ್ತಿದ್ದರು, ಆ ಹುಡುಗಿಯ ದನಿ ಅಳುವ ಹಾಗಿತ್ತು, ಅವಳಿಗೂ ದಿನಕ್ಕೆ ಇಷ್ಟು ಕಂಪ್ಲೇಂಟು ಮುಚ್ಚಬೇಕೆಂದು ಇರುತ್ತದೇನೋ ಎಂದು ಹೇಳಬೇಕೆಂದುಕೊಂಡ. ಮುಖ ಗೊತ್ತಿಲ್ಲದ ಹುಡುಗಿಯ ಮೇಲೆ ಇಷ್ಟು ಕರುಣೆ! ಗಾಡಿಯ ಹತ್ತಿರ ಬಂದಾಗ ಅವಳು ತಿರುಗಿ ನಿಂತು ಅಂಗೈ ಚಾಚಿದಳು. ದುಡ್ಡು ಕೇಳುತ್ತಿದ್ದಾಳೇನೋ, ಬಸ್ಸಿಗೆ ಹೋಗುತ್ತಾಳೇನೋ ಎಂದು ಅವನು ಜೇಬಿಗೆ ಕೈ ಹಾಕಿದ. "ಕೀ ಕೊಡಿ" ಎಂದಳು.

ಅವಳು ಸೀಟು ಮುಂದಕ್ಕೆಳೆದುಕೊಂಡಳು, ಕನ್ನಡಿಗಳನ್ನು ಒಂದೊಂದಾಗಿ ತಿರುಗಿಸಿಕೊಂಡಳು, ಬೆಲ್ಟು ಎಳೆದು ನೋಡಿದಳು. ಅವನ ಅಳತೆಗೆ ಒಗ್ಗಿಹೋಗಿದ್ದ ಗಾಡಿಯನ್ನು ತನ್ನ ಅಳತೆಗೆ ತಂದುಕೊಂಡು ಹೊರಡಿಸಿದಳು. ತಿಂಗಳುಗಟ್ಟಲೆ ಮುಟ್ಟದಿದ್ದ ಕೈಯೆಂದು ಯಾರೂ ಹೇಳುವಂತಿರಲಿಲ್ಲ. ತಿರುವಿನಲ್ಲಿ ಆತುರವಿಲ್ಲ, ಬ್ರೇಕಿನಲ್ಲಿ ಒದೆತವಿಲ್ಲ. ಮೊಟ್ಟಮೊದಲ ಸಲ ಅವನು ಈ ಗಾಡಿಯ ಎಡಸೀಟಿನಲ್ಲಿ ಕೂತು ಅವಳು ಓಡಿಸುವುದನ್ನು ನೋಡುತ್ತಿದ್ದ; ಇದುವರೆಗೆ ಯಾಕೆ ಕೂತಿರಲಿಲ್ಲ ಎಂಬುದಕ್ಕೆ ಏನೇನೋ ಕಾರಣಗಳಿದ್ದವು, ಎಲ್ಲವೂ ಪರವಾಗಿಲ್ಲ ಎನ್ನುವಂಥವು. ನೋಡಬಾರದೆಂದುಕೊಂಡರೂ ಕಣ್ಣು ಕೆಳಗಿಳಿದು ಅವಳ ಪಾದದ ಮೇಲೆ ಕೂತಿತು. ನೋಡುತ್ತಿರುವುದು ಅವಳಿಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. ಅವಳು ಸೀರೆಯ ನೆರಿಗೆಯನ್ನು ಒಂದು ಕೈಯಿಂದ ಸ್ವಲ್ಪ ಮೇಲಕ್ಕೆತ್ತಿ ಸಿಕ್ಕಿಸಿಕೊಂಡಳು, ಚೆನ್ನಾಗಿ ಕಾಣಲಿ ಎಂದು.

ದೂರದಲ್ಲಿ ಸೇತುವೆ ಕಂಡಿತು. ಕೂಡು ರಸ್ತೆಯಲ್ಲಿ ಹಸಿರು ದೀಪ. ಅವಳ ಎಡಗಾಲು ಕ್ಲಚ್ಚಿನಿಂದ ದೂರ, ಬದಿಯಲ್ಲಿ ಸಮನಾಗಿ ಊರಿತ್ತು. ಬಲಗಾಲು ಹದವಾಗಿ ತನ್ನ ಕೆಲಸ ಮಾಡುತ್ತಿತ್ತು. ನಡುರಸ್ತೆಗೆ ಬಂದಾಗ ಮನೆಯಲ್ಲಿ ಕರೆಂಟು ಹೋದ ಹಾಗೆ ಸ್ಟೇರಿಂಗಿನ ಮುಂದಿನ ದೀಪಗಳೆಲ್ಲ ಒಮ್ಮೆಗೇ ಆರಿದವು. ಎಂಜಿನ್ನಿನ ಸದ್ದು ಇಲ್ಲವಾಯಿತು. ಅವಳು ಎರಡೂ ಕೈಯಲ್ಲಿ ಸ್ಟೇರಿಂಗನ್ನು ಹೋರಾಡಿ ಎಳೆದು, ಬ್ರೇಕನ್ನು ಬಲವಾಗಿ ತುಳಿದು ಗಾಡಿಯನ್ನು ಒಂದಿಷ್ಟು ಓರೆಯಾಗಿ ನಿಲ್ಲಿಸಿದಳು. ಒಂದು ಗಳಿಗೆ, ಗಾಜುಗಳೆಲ್ಲ ಮೇಲಿದ್ದುದರಿಂದ, ಆ ಸ್ಪಂಜಿನ ಕೋಣೆಯೊಳಗಿನಂಥದೇ ಮೌನ. ಅದರೊಳಗೆ ಅವಳ ಉಸಿರು ಕೇಳಿಸಿತು. "ನಿನ್ನ ಕಾಲು ಅಲ್ಲಿರಲೇ ಇಲ್ಲ" ಎಂದ. "ನಾನು ನೋಡಿದೆ ಕಣೆ. ನೀನು ಏನೂ ಮಾಡಲಿಲ್ಲ. ತಾನಾಗೇ ಹೋಯ್ತು." ಅವಳು ಸ್ಟೇರಿಂಗಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ನನಗೆ ಗೊತ್ತಿತ್ತಲ್ಲ. ನೀವು ನೋಡ್ಬೇಕಾಗಿತ್ತು" ಎಂದಳು.

ಆಗ ಹಾರ್ನುಗಳು ಶುರುವಾದವು. ಅವನು ಮ್ಯಾನೇಜರಿಗೆ ಫೋನ್ ಮಾಡಿದ. ಅದು ರಿಂಗಾಗುತ್ತಲೇ ಇತ್ತು. ಸ್ಕೂಟರಿನವನೊಬ್ಬ ಅವನ ಕಿಟಕಿಯ ಪಕ್ಕ ನಿಲ್ಲಿಸಿ, ಬಗ್ಗಿ ಒಳಗೆ ನೋಡಿದ. ಸ್ಟೇರಿಂಗಿನ ಹಿಂದಿದ್ದವಳನ್ನು ನೋಡಿ ಅವನ ಮುಖ ಅರಳಿತು. ಸದ್ದು ಬರದಿದ್ದರೂ ಒಳಗೆ ಕೂತ ಗಂಡನಿಗೆ ತುಟಿ ಓದಲು ಬರುತ್ತಿತ್ತು, ಅದೂ ಅವನ ಕಸುಬಿನದೇ ಒಂದು ಭಾಗ: ಹೊಸ ಕೈಯಾ ಸಾರ್? ಅವನು ಗಾಜಿಳಿಸುವ ಗುಂಡಿ ಒತ್ತಿದ. ಅದೂ ಸತ್ತಿತ್ತು. "ಅಲ್ಲ!" ಎಂದು ಕೂಗಿದ. "ಕೈ ಹೊಸದಲ್ಲ! ಗಾಡಿ ಹಾಳಾಗಿದೆ! ಗಾಡಿ! ನಾನೇ ನೋಡಿದ್ದೀನಿ!" ಗಾಜಿಗೆ ಉಸಿರು ಬಡಿದು ಮಂಜಾಯಿತು. ಅಷ್ಟು ಜೋರಾಗಿ ಅವನು ಬದುಕಿನಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಸ್ಕೂಟರಿನವನು ಹೆಲ್ಮೆಟ್ಟಿನ ಮೇಲೇ ಕಿವಿಯ ಹತ್ತಿರ ಕೈಯಿಟ್ಟ, ಏನೂ ಕೇಳಿಸಲಿಲ್ಲ, ಆದರೂ ಎಲ್ಲ ಕೇಳಿಸಿದ ಹಾಗೆ ತಲೆಯಾಡಿಸಿದ. ಪರವಾಗಿಲ್ಲ, ಪರವಾಗಿಲ್ಲ, ಎಂದಿತು ತುಟಿ. ಒಳ್ಳೆಯ ಮನುಷ್ಯ. ಅಭಯ ಕೊಡುವವನ ಹಾಗೆ ಕೈ ಎತ್ತಿ ತೋರಿಸಿ ಹೊರಟುಹೋದ.

ಅವನು ಬಾಗಿಲು ತೆರೆದ, ಸ್ಕೂಟರಿನವನನ್ನು ಕೂಗಿ ನಿಲ್ಲಿಸಲೆಂದು. ಒಂದು ಕಾಲು ರಸ್ತೆಯಲ್ಲಿ, ಒಂದು ಕಾಲು ಗಾಡಿಯಲ್ಲಿ. ತೆರೆದ ಬಾಗಿಲಿಂದ ಕೂಡು ರಸ್ತೆಯ ಸದ್ದೆಲ್ಲ ಒಮ್ಮೆಗೇ ಒಳಗೆ ನುಗ್ಗಿತು. ಹಿಂದೆ ಅಂಟಿಕೊಂಡ ಹಾಗೆ ನಿಂತಿದ್ದ ಲಾರಿ ಉಸಿರು ಬಿಡದೆ ಬಾರಿಸುತ್ತಿತ್ತು. ಆಗಲೇ ಅವಳು ಏನೋ ಹೇಳಿದಳು. ಅವನ ಕಡೆ ತಿರುಗಲಿಲ್ಲ. ಎದುರಿನ ಗಾಜನ್ನು ನೋಡುತ್ತ, ತೊಡೆಯ ಮೇಲಿನ ಕೈ ಅಲುಗಿಸದೆ, ಸಾವಕಾಶವಾಗಿ, ಒಂದಲ್ಲ, ಎರಡು ಮೂರು ವಾಕ್ಯ. ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದವಳ ಹಾಗೆ. ಮುಖ ಆ ಕಡೆಯಿದ್ದುದರಿಂದ ತುಟಿಯೂ ಪೂರ್ತಿ ಕಾಣಲಿಲ್ಲ. ಒಂದು ಪದ, ಅರ್ಧ ಪದ ಏನಾದರೂ ಸಿಗುತ್ತದೇನೋ ಎಂದು ಅವನು ಬಗ್ಗಿ ಕಿವಿಗೊಟ್ಟ. ಲಾರಿ ನಿಲ್ಲಿಸಲಿಲ್ಲ. ಹೇಳಿ ಮುಗಿಸಿ ಅವಳು ಅವನತ್ತ ತಿರುಗಿದಳು. ಕಣ್ಣು ತುಂಬಿತ್ತು. "ಕೇಳಿಸ್ತಾ?" ಎಂದಳು.

"ಕೇಳಿಸ್ತು" ಎಂದ ಅವನು. "ಕೇಳಿಸ್ತು."